ಬ್ಲೇಜಾರ್ ಭುಗಿಲೆದ್ದಾಗ: ಒಂದೇ ಗಳಿಗೆಯನ್ನು ಹಲವು ಬೆಳಕುಗಳಲ್ಲಿ ಹಿಡಿಯುವುದು

2016ರ ಡಿಸೆಂಬರ್ 28ರಂದು ಸಿಟಿಎ 102 ಎಂಬ ಬ್ಲೇಜಾರ್‌ನ, ಅಂದರೆ ನಮ್ಮತ್ತಲೇ ಕಣಗಳ ಧಾರೆ ಚಿಮ್ಮಿಸುವ ಗೆಲಾಕ್ಸಿಯೊಂದರ, ಕಾಂತಿಮಾನ ಕೆಂಪು ಫಿಲ್ಟರಿನಲ್ಲಿ 10.8ಕ್ಕೆ ಬಂದು ಮುಟ್ಟಿತು. ಸುಮ್ಮನಿರುವಾಗ ಅದು 17ರ ಆಸುಪಾಸಿನ ಮಿಣುಕು ಚುಕ್ಕೆ. ಕಾಂತಿಮಾನದ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹೊಳಪು ಹೆಚ್ಚು. ಆರು ಅಂಕಿ ಇಳಿಯಿತೆಂದರೆ ಹೊಳಪು ಸುಮಾರು 250 ಪಟ್ಟು ಏರಿದೆ ಎಂದರ್ಥ. ಸುಮಾರು 800 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಆ ರಾತ್ರಿ ಹವ್ಯಾಸಿಗಳ ಪುಟ್ಟ ದೂರದರ್ಶಕಕ್ಕೂ ಸಲೀಸಾಗಿ ಸಿಕ್ಕಿತು.

ಇಷ್ಟಾದರೂ ಆ 10.8 ಎಂಬ ಅಂಕಿಯೊಂದರಿಂದ ಅಲ್ಲಿ ನಡೆದದ್ದೇನು ಎಂದು ಹೇಳಲಾಗುವುದಿಲ್ಲ. ಬ್ಲೇಜಾರ್‌ನಿಂದ ಚಿಮ್ಮುವ ಕಣಗಳ ಧಾರೆ ತಿರುಚಿಕೊಂಡು, ಅದರ ಒಂದು ಭಾಗ ನಮ್ಮತ್ತ ಇನ್ನಷ್ಟು ನೇರವಾಗಿ ಮುಖ ಮಾಡಿತು ಎಂದು ಒಂದು ತಂಡ ವಿವರಿಸಿತು. ಅನಿಲದ ಮೋಡವೊಂದು ಧಾರೆಯ ದಾರಿಗೆ ಅಡ್ಡ ಬಂದು, ಪದರ ಪದರವಾಗಿ ಕಿತ್ತುಹೋಗುತ್ತಾ ಅದಕ್ಕೆ ಹೊಸ ಸರಕು ಒದಗಿಸಿತು ಎಂಬುದು ಇನ್ನೊಂದು ತಂಡದ ಮಾದರಿ. ಗೋಚರ ಬೆಳಕಿನ ಏರಿಕೆಯನ್ನು ಎರಡೂ ವಿವರಿಸಬಲ್ಲವು. ಯಾವುದು ಸರಿ ಎಂದು ತೂಗಿ ನೋಡಲು ಅದೇ ದಿನಗಳಲ್ಲಿ ಗಾಮಾ ಕಿರಣ, ಕ್ಷ-ಕಿರಣ, ಅತಿನೇರಳೆ, ರೇಡಿಯೊ ಎಲ್ಲವೂ ಏನು ಮಾಡುತ್ತಿದ್ದವು ಎಂಬುದು ಗೊತ್ತಿರಬೇಕು. ಬಹುತರಂಗ ವೀಕ್ಷಣೆ ಎನ್ನುವುದು ಇದಕ್ಕೇ. ಇದರಲ್ಲಿ ನಿಜವಾದ ಕಷ್ಟ ಉಪಕರಣದ್ದಲ್ಲ, ಸಮಯದ್ದು. ‘ಅದೇ ದಿನಗಳಲ್ಲಿ’ ಎಂಬ ಎರಡು ಪದಗಳನ್ನು ಸಾಧಿಸುವುದಕ್ಕೇ ಬಹುಪಾಲು ಶ್ರಮ ಹೋಗುತ್ತದೆ.

ನಮ್ಮತ್ತ ತಿರುಗಿದ ಧಾರೆ

ದೊಡ್ಡ ಗೆಲಾಕ್ಸಿಗಳ ನಡುಭಾಗದಲ್ಲಿ ಸೂರ್ಯನ ಲಕ್ಷಾಂತರದಿಂದ ನೂರಾರು ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ಇರುತ್ತದೆ. ಅದರೊಳಕ್ಕೆ ಅನಿಲ ಧಾರಾಳವಾಗಿ ಸುರಿಯುತ್ತಿದ್ದರೆ ಸುತ್ತಲೂ ಕಾದ ತಟ್ಟೆಯೊಂದು ಕಟ್ಟಿಕೊಳ್ಳುತ್ತದೆ. ಕೆಲವು ಗೆಲಾಕ್ಸಿಗಳಲ್ಲಿ ಈ ತಟ್ಟೆಗೆ ಲಂಬವಾಗಿ, ಎರಡೂ ಬದಿಗೆ, ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಕಣಗಳ ಧಾರೆ ಚಿಮ್ಮುತ್ತದೆ. ಇದೇ ಜೆಟ್. ಜೆಟ್‌ನ ಬಾಯಿ ನಮ್ಮ ಕಡೆಗೇ ಇದ್ದರೆ ಆ ಗೆಲಾಕ್ಸಿಯನ್ನು ಬ್ಲೇಜಾರ್ ಎನ್ನುತ್ತೇವೆ. ಈ ಪದವನ್ನು 1978ರಲ್ಲಿ ಎಡ್ ಸ್ಪೀಗೆಲ್ ಟಂಕಿಸಿದರು. ಅದಕ್ಕೂ ಅರ್ಧ ಶತಮಾನ ಮೊದಲೇ, 1929ರಲ್ಲಿ, ಕೂನೊ ಹಾಫ್‌ಮೈಸ್ಟರ್ ಇವುಗಳಲ್ಲೊಂದನ್ನು ಕಂಡಿದ್ದರು. ಹೊಳಪು ಬದಲಾಗುವ ನಕ್ಷತ್ರವೆಂದು ಬಗೆದು ಅದಕ್ಕೆ ಬಿಎಲ್ ಲಾಸರ್ಟೇ ಎಂಬ ನಕ್ಷತ್ರದ ಹೆಸರನ್ನೇ ಇಟ್ಟರು. ಅದು ರೇಡಿಯೊ ಮೂಲವೊಂದರ ಜಾಗದಲ್ಲೇ ಇದೆ ಎಂದು ತಿಳಿದದ್ದು 1968ರಲ್ಲಿ. ಹೀಗೆ, ಎರಡು ಬಗೆಯ ಬೆಳಕನ್ನು ಜೋಡಿಸಿ ನೋಡಿದ ಮೇಲೆಯೇ ಬ್ಲೇಜಾರ್‌ಗಳ ಗುರುತು ಸಿಕ್ಕಿದ್ದು.

ಜೆಟ್ ನಮ್ಮತ್ತ ತಿರುಗಿರುವುದರ ಪರಿಣಾಮ ಸಣ್ಣದಲ್ಲ. ಬೆಳಕಿನ ವೇಗದ 99.5%ರಷ್ಟು ವೇಗದ ಧಾರೆ ನೇರ ನಮ್ಮತ್ತಲೇ ಬರುತ್ತಿದ್ದರೆ ಅದರ ಡಾಪ್ಲರ್ ಗುಣಕ ಸುಮಾರು 20. ಅಂದರೆ ಅಲ್ಲಿನ 20 ಗಂಟೆಯ ಬದಲಾವಣೆ ನಮಗೆ ಒಂದು ಗಂಟೆಯಲ್ಲಿ ಮುಗಿದಂತೆ ಕಾಣುತ್ತದೆ. ಪ್ರತಿ ಫೋಟಾನ್‌ನ, ಅಂದರೆ ಬೆಳಕಿನ ಕಣದ, ಶಕ್ತಿ 20 ಪಟ್ಟಾಗುತ್ತದೆ. ಒಟ್ಟು ಹೊಳಪು ಗುಣಕದ ನಾಲ್ಕನೇ ಘಾತದಂತೆ ಏರುವುದರಿಂದ ಅದು 1.6 ಲಕ್ಷ ಪಟ್ಟಾಗುತ್ತದೆ. ಅದೇ ಧಾರೆ ನಮ್ಮ ದೃಷ್ಟಿರೇಖೆಗೆ 5 ಡಿಗ್ರಿ ಓರೆಯಾಗಿದ್ದರೆ ಗುಣಕ 11ರ ಹತ್ತಿರ, 3 ಡಿಗ್ರಿಯಾದರೆ 15.7. ಬರೀ ಎರಡು ಡಿಗ್ರಿ ಬಾಗಿದರೆ ಹೊಳಪು ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಜೆಟ್‌ನೊಳಗೆ ಏನೊಂದೂ ಬದಲಾಗದಿದ್ದರೂ! ಒಂದೇ ತರಂಗದೂರದ ಏರಿಕೆಯನ್ನು ನಂಬಿ ‘ಅಲ್ಲಿ ಸ್ಫೋಟವಾಯಿತು’ ಎನ್ನಲು ಹಿಂಜರಿಯಬೇಕಾದದ್ದು ಈ ಲೆಕ್ಕದಿಂದಲೇ.

ಎರಡು ಗುಡ್ಡಗಳ ರೋಹಿತ

ಬ್ಲೇಜಾರ್ ಯಾವ ತರಂಗದಲ್ಲಿ ಎಷ್ಟು ಶಕ್ತಿ ಹೊರಸೂಸುತ್ತದೆ ಎಂದು ರೇಡಿಯೊದಿಂದ ಗಾಮಾವರೆಗೆ ಚಿತ್ರ ಬರೆದರೆ (ಇದೇ ರೋಹಿತ) ಎರಡು ಗುಡ್ಡಗಳು ಏಳುತ್ತವೆ. ಎಡಗಡೆಯದು ಸಿಂಕ್ರೊಟ್ರಾನ್ ಬೆಳಕು, ಅಂದರೆ ಕಾಂತಕ್ಷೇತ್ರದ ಸುತ್ತ ಸುತ್ತುವ ಎಲೆಕ್ಟ್ರಾನ್‌ಗಳು ಸೂಸುವಂಥದ್ದು. ಇದರ ತುದಿ ಕೆಲವದರಲ್ಲಿ ಅವಕೆಂಪಿನಲ್ಲಿರುತ್ತದೆ, ಮಾರ್ಕೇರಿಯನ್ 421ರಂಥವುಗಳಲ್ಲಿ ಕ್ಷ-ಕಿರಣದವರೆಗೂ ಹೋಗುತ್ತದೆ. ಬಲಗಡೆಯ ಗುಡ್ಡ ಗಾಮಾ ಕಿರಣದ್ದು. ಅದೇ ಎಲೆಕ್ಟ್ರಾನ್‌ಗಳು ತಮ್ಮ ಹಾದಿಯ ಫೋಟಾನ್‌ಗಳಿಗೆ ಡಿಕ್ಕಿ ಕೊಟ್ಟು ಮೇಲಕ್ಕೆ ಹಾರಿಸಿದಾಗ ಹುಟ್ಟುವ ಬೆಳಕು ಅದೆಂದು ಬಹುಮಟ್ಟಿಗೆ ಒಪ್ಪಿಗೆಯಿದೆ. ಇದೇ ಪ್ರತಿಲೋಮ ಕಾಂಪ್ಟನ್ ಕ್ರಿಯೆ. ಪ್ರೋಟಾನ್‌ಗಳ ಪಾಲೂ ಇರಬಹುದು ಎಂಬ ವಾದ ಮಾತ್ರ ಇನ್ನೂ ಜೀವಂತವಾಗಿದೆ.

ಇಲ್ಲೊಂದು ಸರಳ ಪರೀಕ್ಷೆ ಸಾಧ್ಯ. ಎಲೆಕ್ಟ್ರಾನ್‌ಗಳ ಸಂಖ್ಯೆ ಎರಡು ಪಟ್ಟಾಯಿತು, ಮಿಕ್ಕಿದ್ದೆಲ್ಲ ಇದ್ದಂತೆಯೇ ಇದೆ ಎಂದುಕೊಳ್ಳಿ. ಸಿಂಕ್ರೊಟ್ರಾನ್ ಬೆಳಕು ಎರಡು ಪಟ್ಟಾಗುತ್ತದೆ. ಡಿಕ್ಕಿಗೆ ಸಿಗುವ ಫೋಟಾನ್‌ಗಳು ಹೊರಗಿನವಾಗಿದ್ದರೆ, ಅಂದರೆ ತಟ್ಟೆಯಿಂದಲೋ ಸುತ್ತಲಿನ ಅನಿಲದಿಂದಲೋ ಬಂದಿದ್ದರೆ, ಗಾಮಾ ಕೂಡ ಎರಡೇ ಪಟ್ಟು. ಜೆಟ್ ತಾನೇ ಸೂಸಿದ ಸಿಂಕ್ರೊಟ್ರಾನ್ ಬೆಳಕಿಗೇ ಎಲೆಕ್ಟ್ರಾನ್‌ಗಳು ಡಿಕ್ಕಿ ಕೊಡುತ್ತಿದ್ದರೆ ಗಾಮಾ ನಾಲ್ಕು ಪಟ್ಟಾಗಬೇಕು, ಯಾಕೆಂದರೆ ಡಿಕ್ಕಿ ಕೊಡುವವರೂ ಕೊಡಿಸಿಕೊಳ್ಳುವವರೂ ಇಬ್ಬರೂ ಇಮ್ಮಡಿ. ಗೋಚರ ಬೆಳಕಿನ ಏರಿಕೆಯ ಪಕ್ಕದಲ್ಲಿ ಗಾಮಾದ ಏರಿಕೆಯನ್ನಿಟ್ಟು ನೋಡಿದರೆ ಡಿಕ್ಕಿಯಾದ ಫೋಟಾನ್‌ಗಳ ಊರು ತಿಳಿಯುತ್ತದೆ. ಆದರೆ ಎರಡು ಅಳತೆಗಳ ನಡುವೆ ಮೂರು ದಿನಗಳ ಅಂತರವಿದ್ದರೆ ಈ ಪರೀಕ್ಷೆಯ ಫಲಕ್ಕೆ ಬೆಲೆಯಿಲ್ಲ.

ಮೂರು ದಿನ ಏಕೆ ಹೆಚ್ಚು ಎಂದು ನೋಡಲು 3ಸಿ 279 ಎಂಬ ಬ್ಲೇಜಾರ್ ಸಾಕು. 2015ರ ಜೂನ್‌ನಲ್ಲಿ ಅದರ ಗಾಮಾ ಹೊಳಪು ಸುಮಾರು ಐದೇ ನಿಮಿಷಗಳಲ್ಲಿ ಇಮ್ಮಡಿಯಾದದ್ದನ್ನು ಫರ್ಮಿ ಉಪಗ್ರಹ ಹಿಡಿಯಿತು. ಐದು ನಿಮಿಷದಲ್ಲಿ ಬೆಳಕು ಸಾಗುವುದು 9 ಕೋಟಿ ಕಿಲೋಮೀಟರ್. ಡಾಪ್ಲರ್ ಗುಣಕ 20 ಎಂದು ಗುಣಿಸಿ, 0.536ರ ಕೆಂಪು ಪಲ್ಲಟಕ್ಕಾಗಿ (ಬ್ರಹ್ಮಾಂಡ ಹಿಗ್ಗುವುದರಿಂದ ದಾರಿಯಲ್ಲಿ ಬೆಳಕಿನ ತರಂಗ ಉದ್ದವಾದ ಪ್ರಮಾಣ) 1.536ರಿಂದ ಭಾಗಿಸಿದರೆ ಆ ಬೆಳಕು ಹೊರಟ ಜಾಗದ ಗಾತ್ರ ಹೆಚ್ಚೆಂದರೆ ಸುಮಾರು 117 ಕೋಟಿ ಕಿಲೋಮೀಟರ್. ಸೂರ್ಯನ 50 ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯ ತ್ರಿಜ್ಯವೇ ಸುಮಾರು 150 ಕೋಟಿ ಕಿಲೋಮೀಟರ್! ಜೆಟ್‌ನ ಮೂಲಕ್ಕಿಂತ ಚಿಕ್ಕದೊಂದು ತುಣುಕು ಇಡೀ ಗೆಲಾಕ್ಸಿಯನ್ನು ಮೀರಿ ಬೆಳಗಿತು. ಇದಕ್ಕೂ ಮೊದಲೇ, 2006ರ ಜುಲೈನಲ್ಲಿ, ಪಿಕೆಎಸ್ 2155-304 ಮೂರು ನಿಮಿಷಗಳ ಏರಿಳಿತವನ್ನು ಇನ್ನೂ ಹೆಚ್ಚಿನ ಶಕ್ತಿಯ ಗಾಮಾ ಕಿರಣಗಳಲ್ಲಿ ತೋರಿಸಿತ್ತು.

ಗೋಚರ ಬೆಳಕು: ಸುಲಭವೆನಿಸಿದರೂ ಎಡವುವ ಜಾಗ

ಬಹುತರಂಗ ಅಭಿಯಾನದ ಬೆನ್ನೆಲುಬು ಗೋಚರ ಬೆಳಕಿನ ಅಳತೆಯೇ. 1997ರಲ್ಲಿ ಶುರುವಾದ ಹೋಲ್ ಅರ್ಥ್ ಬ್ಲೇಜಾರ್ ಟೆಲಿಸ್ಕೋಪ್ ಎಂಬ ಜಾಲದಲ್ಲಿ ವೃತ್ತಿಪರ ವೀಕ್ಷಣಾಲಯಗಳ ಜತೆಗೆ ಹವ್ಯಾಸಿಗಳೂ ಇದ್ದಾರೆ. ಬೇರೆ ಬೇರೆ ರೇಖಾಂಶಗಳಲ್ಲಿ ದೂರದರ್ಶಕಗಳಿದ್ದರೆ ಒಂದು ಕಡೆ ಬೆಳಗಾಗುವಾಗ ಇನ್ನೊಂದು ಕಡೆ ರಾತ್ರಿ ಶುರುವಾಗುತ್ತದೆ, ಕಾಂತಿರೇಖೆ ತುಂಡಾಗುವುದಿಲ್ಲ. ಕಾಂತಿರೇಖೆ ಎಂದರೆ ಕಾಲಕ್ಕೆ ಎದುರಾಗಿ ಹೊಳಪನ್ನು ಗುರುತಿಸಿದ ನಕ್ಷೆ.

ಕೆಲಸದ ಕ್ರಮ ಹೀಗೆ. ಕ್ಯಾಮೆರಾದ ಸ್ವಂತ ದೋಷಗಳನ್ನು ಕಳೆಯಲು ಬೇಕಾದ ಬಯಾಸ್, ಡಾರ್ಕ್, ಫ್ಲ್ಯಾಟ್ ಚಿತ್ರಗಳನ್ನು ಅದೇ ರಾತ್ರಿ, ಅದೇ ತಾಪಮಾನದಲ್ಲಿ ತೆಗೆಯಬೇಕು. ಆಮೇಲೆ ಗುರಿಯನ್ನು ಪ್ರಮಾಣಿತ ಆರ್ (ಕೆಂಪು) ಫಿಲ್ಟರಿನಲ್ಲಿ, ಸಾಧ್ಯವಾದರೆ ಬಿ (ನೀಲಿ) ಮತ್ತು ವಿ (ಹಸಿರು-ಹಳದಿ) ಫಿಲ್ಟರುಗಳಲ್ಲೂ, ಸೆರೆಹಿಡಿಯಬೇಕು. ಒಂದು ಮೀಟರ್ ದೂರದರ್ಶಕಕ್ಕೆ 15ನೇ ಕಾಂತಿಮಾನದ ಬ್ಲೇಜಾರ್‌ಗೆ ಒಂದೆರಡು ನಿಮಿಷ ಸಾಕು. 25 ಸೆಂಟಿಮೀಟರಿನದಾದರೆ ಹಲವು ಚಿತ್ರಗಳನ್ನು ಕೂಡಿಸಬೇಕು. ಬ್ಲೇಜಾರ್‌ನ ಹೊಳಪನ್ನು ನೇರವಾಗಿ ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಅದೇ ಚಿತ್ರದಲ್ಲಿರುವ, ಹೊಳಪು ಖಚಿತವಾಗಿ ಗೊತ್ತಿರುವ ನಕ್ಷತ್ರಗಳ ಜತೆ ಹೋಲಿಸುತ್ತಾರೆ. ಬಿಎಲ್ ಲಾಸರ್ಟೇಯ ಸುತ್ತ ಬಿ, ಸಿ, ಎಚ್, ಕೆ ಎಂದು ಹೆಸರಿಟ್ಟ ನಾಲ್ಕು ನಕ್ಷತ್ರಗಳು ಇಂಥವು. ತೆಳು ಮೋಡ ಹಾದುಹೋದರೂ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಒಂದು ನಕ್ಷತ್ರವನ್ನು ಹೋಲಿಕೆಗೆ ಬಳಸದೆ, ಅದನ್ನೂ ಬ್ಲೇಜಾರ್‌ನಂತೆಯೇ ಅಳೆದು ಕಾವಲಿಗೆ ಇಟ್ಟುಕೊಳ್ಳಬೇಕು. ಕಾವಲು ನಕ್ಷತ್ರವೂ ಕುಣಿಯುತ್ತಿದ್ದರೆ ದೋಷ ಆಕಾಶದಲ್ಲೋ ಕ್ಯಾಮೆರಾದಲ್ಲೋ ಇದೆ, ಬ್ಲೇಜಾರ್‌ನಲ್ಲಲ್ಲ.

ಇಲ್ಲಿ ತಪ್ಪುವ ಬಗೆಗಳು ಹಲವು. ಅವುಗಳಲ್ಲಿ ಅತಿ ಮೋಸದ್ದು ಸುತ್ತಲಿನ ಗೆಲಾಕ್ಸಿಯ ಬೆಳಕು. ಮಾರ್ಕೇರಿಯನ್ 421, 501 ಹತ್ತಿರದವು. ಅವುಗಳ ಗೆಲಾಕ್ಸಿ ಮಬ್ಬಾಗಿ ಹರಡಿಕೊಂಡಿರುತ್ತದೆ, ಅಳತೆಯ ವೃತ್ತದೊಳಗೆ ಅದರ ಒಂದು ಪಾಲು ಬೀಳುತ್ತದೆ. ಗಾಳಿಯ ಕದಡಿಕೆ ಹೆಚ್ಚಾದಾಗ ವೃತ್ತದೊಳಗೆ ಬೀಳುವ ನಕ್ಷತ್ರದ ಬೆಳಕಿನ ಪಾಲು ಒಂದು ರೀತಿ ಬದಲಾದರೆ, ಗೆಲಾಕ್ಸಿಯ ಪಾಲು ಇನ್ನೊಂದು ರೀತಿ ಬದಲಾಗುತ್ತದೆ. ಫಲಿತಾಂಶ: ಗಂಟೆಗಟ್ಟಲೆ ನಯವಾಗಿ ಏರಿಳಿಯುವ, ನೋಡಲು ಅಪ್ಪಟ ಬ್ಲೇಜಾರ್‌ನದೇ ಅನ್ನಿಸುವ ಸುಳ್ಳು ಕಾಂತಿರೇಖೆ. ಪರಿಹಾರ, ವೃತ್ತದ ತ್ರಿಜ್ಯವನ್ನು ಆರ್ಕ್‌ಸೆಕೆಂಡಿನಲ್ಲಿ (ಒಂದು ಡಿಗ್ರಿಯ 3600ನೇ ಒಂದು ಭಾಗ) ಒಂದೇ ಅಳತೆಗೆ ಕಟ್ಟಿಹಾಕುವುದು, ಆ ತ್ರಿಜ್ಯಕ್ಕೆ ಮೊದಲೇ ಲೆಕ್ಕಹಾಕಿರುವ ಗೆಲಾಕ್ಸಿಯ ಪಾಲನ್ನು ಕಳೆಯುವುದು, ಮತ್ತು ಹೊಳಪಿನ ನಕ್ಷೆಯ ಕೆಳಗೇ ಕದಡಿಕೆಯ ನಕ್ಷೆಯನ್ನೂ ಬರೆದು ಎರಡೂ ಒಟ್ಟಿಗೆ ಕುಣಿಯುತ್ತಿವೆಯೇ ಎಂದು ನೋಡುವುದು.

ಸಮಯದ ಮುದ್ರೆಯೂ ಕಾಡುತ್ತದೆ. ಬರೆಯಬೇಕಾದದ್ದು ಚಿತ್ರ ಶುರುವಾದ ಹೊತ್ತಲ್ಲ, ಅದರ ನಡುಗಾಲ. ಖಗೋಳಜ್ಞರು ದಿನಗಳನ್ನು ಸಾಲಾಗಿ ಎಣಿಸುವ ಜೂಲಿಯನ್ ದಿನ ಮಧ್ಯಾಹ್ನಕ್ಕೆ ಶುರುವಾಗುತ್ತದೆ, ಅದರ ಮಾರ್ಪಡಿಸಿದ ರೂಪ ಮಧ್ಯರಾತ್ರಿಗೆ. ಇವೆರಡನ್ನು ಅದಲುಬದಲು ಮಾಡಿದರೆ ಅರ್ಧ ದಿನದ ಹುಸಿ ಅಂತರ ಹುಟ್ಟುತ್ತದೆ. ಗಾಮಾ ಮೊದಲೋ ಗೋಚರ ಬೆಳಕು ಮೊದಲೋ ಎಂಬ ಪ್ರಶ್ನೆಯಲ್ಲಿ ಅರ್ಧ ದಿನ ಬಹಳ ದೊಡ್ಡದು.

ಕಾಂತಿಮಾನವನ್ನು ಕೊನೆಗೆ ಭೌತಿಕ ಮಾನಕ್ಕೆ ತರಬೇಕು. ಆರ್ ಫಿಲ್ಟರಿನಲ್ಲಿ ಸೊನ್ನೆ ಕಾಂತಿಮಾನಕ್ಕೆ ಸುಮಾರು 3060 ಜಾನ್‌ಸ್ಕಿ (ನಮ್ಮನ್ನು ತಲುಪುವ ಬೆಳಕಿನ ತೀವ್ರತೆಯ ಮಾನ). ಹಾಗಾಗಿ 15ನೇ ಕಾಂತಿಮಾನಕ್ಕೆ ಅದರ ಹತ್ತು ಲಕ್ಷದ ಒಂದು ಭಾಗ, ಅಂದರೆ ಸುಮಾರು 3 ಮಿಲಿಜಾನ್‌ಸ್ಕಿ. ಅದಕ್ಕೂ ಮೊದಲು ನಮ್ಮ ಆಕಾಶಗಂಗೆಯ ಧೂಳು ನುಂಗಿದ್ದನ್ನು ಸೇರಿಸಿಕೊಳ್ಳಬೇಕು. ಬಿಎಲ್ ಲಾಸರ್ಟೇ ಆಕಾಶಗಂಗೆಯ ಪಟ್ಟಿಗೆ ಹತ್ತಿರವಿರುವುದರಿಂದ ಅದರ ಕೆಂಪು ಬೆಳಕಿನ ಸುಮಾರು ಅರ್ಧ ದಾರಿಯಲ್ಲೇ ನಷ್ಟವಾಗಿರುತ್ತದೆ. ಈ ಹೆಜ್ಜೆ ಮರೆತರೆ ಎಡಗಡೆಯ ಗುಡ್ಡದ ಆಕಾರವೇ ತಪ್ಪುತ್ತದೆ.

ವಾಯುಮಂಡಲದಾಚೆ

ಕ್ಷ-ಕಿರಣ ನೆಲಕ್ಕೆ ಇಳಿಯುವುದಿಲ್ಲ, ಉಪಗ್ರಹವೇ ಬೇಕು. 2004ರಲ್ಲಿ ಹಾರಿದ ಸ್ವಿಫ್ಟ್ ಈ ಕ್ಷೇತ್ರಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಕ್ಷ-ಕಿರಣ ದೂರದರ್ಶಕ 0.3ರಿಂದ 10 ಕಿಲೊ ಎಲೆಕ್ಟ್ರಾನ್‌ವೋಲ್ಟ್ (ಫೋಟಾನ್‌ನ ಶಕ್ತಿಯ ಮಾನ) ವರೆಗೆ ಅಳೆಯುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ದೂರದರ್ಶಕ ಅದೇ ಕ್ಷಣದಲ್ಲಿ ಅತಿನೇರಳೆಯ ಮೂರು, ಗೋಚರದ ಸುತ್ತಮುತ್ತ ಮೂರು ಫಿಲ್ಟರುಗಳಲ್ಲಿ ನೋಡುತ್ತದೆ. ನಿಜವಾದ ಅರ್ಥದಲ್ಲಿ ಏಕಕಾಲಿಕ ಎನ್ನಬಹುದಾದ ದತ್ತಾಂಶ ಇಂಥ ಕಡೆ ಮಾತ್ರ ಸಿಗುತ್ತದೆ. 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೊಸ್ಯಾಟ್‌ನ ಗಟ್ಟಿತನವೂ ಇದೇ: ಅತಿನೇರಳೆಯಿಂದ ಕಠಿಣ ಕ್ಷ-ಕಿರಣದವರೆಗಿನ ಉಪಕರಣಗಳು ಒಂದೇ ಗುರಿಯತ್ತ ಒಟ್ಟಿಗೆ ಮುಖ ಮಾಡಿರುತ್ತವೆ. 3ರಿಂದ 79 ಕಿಲೊ ಎಲೆಕ್ಟ್ರಾನ್‌ವೋಲ್ಟ್ ವ್ಯಾಪ್ತಿಗೆ ನ್ಯೂಸ್ಟಾರ್ ಉಪಗ್ರಹ ಇದೆ. ಎರಡು ಗುಡ್ಡಗಳ ನಡುವಿನ ಕಣಿವೆ ಹಲವು ಬ್ಲೇಜಾರ್‌ಗಳಲ್ಲಿ ಕ್ಷ-ಕಿರಣದಲ್ಲೇ ಬೀಳುತ್ತದೆ, ಆದ್ದರಿಂದ ಈ ಭಾಗದ ಅಳತೆ ಇಲ್ಲದೆ ಮಾದರಿಗಳು ಎತ್ತ ಬೇಕಾದರೂ ವಾಲುತ್ತವೆ.

ಭುಗಿಲೆದ್ದ ಬ್ಲೇಜಾರ್ ಕ್ಷ-ಕಿರಣ ಕ್ಯಾಮೆರಾವನ್ನೇ ಮೋಸಗೊಳಿಸಬಲ್ಲದು. ಸ್ವಿಫ್ಟ್‌ನ ಫೋಟಾನ್ ಎಣಿಕೆಯ ಸ್ಥಿತಿಯಲ್ಲಿ ಪ್ರತಿ ಚಿತ್ರಕ್ಕೆ 2.5 ಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ ಸುಮಾರು 0.5ಕ್ಕಿಂತ ಹೆಚ್ಚು ಎಣಿಕೆ ಬಂತೆಂದರೆ, ಒಂದೇ ಚಿತ್ರದಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದು, ಎರಡರ ಶಕ್ತಿ ಕೂಡಿಕೊಂಡ ಒಂದೇ ಫೋಟಾನ್ ಎಂದು ದಾಖಲಾಗತೊಡಗುತ್ತದೆ. ಆಗ ಎಣಿಕೆ ಕಡಿಮೆ ಕಾಣುತ್ತದೆ, ರೋಹಿತ ಹುಸಿಯಾಗಿ ಕಠಿಣವಾಗುತ್ತದೆ, ಅಂದರೆ ಹೆಚ್ಚು ಶಕ್ತಿಯ ಫೋಟಾನ್‌ಗಳ ಪಾಲು ಏರಿದಂತೆ ಕಾಣುತ್ತದೆ. ಭುಗಿಲಿನ ತುದಿಯಲ್ಲೇ ಇದು ನಡೆಯುವುದರಿಂದ ‘ಹೊಳಪು ಹೆಚ್ಚಾದಂತೆ ರೋಹಿತ ಕಠಿಣವಾಯಿತು’ ಎಂಬ ಆಕರ್ಷಕ ತೀರ್ಮಾನಕ್ಕೆ ಬರುವ ಅಪಾಯವಿದೆ. ಚುಕ್ಕೆಯ ನಡುಭಾಗವನ್ನು ಬಿಟ್ಟು ಸುತ್ತಲಿನ ಬಳೆಯಿಂದ ಮಾತ್ರ ಎಣಿಕೆ ತೆಗೆಯುವುದು ಒಂದು ಉಪಾಯ. ಇನ್ನೂ ಒಳ್ಳೆಯದು, ಹೊಳಪು ಹೆಚ್ಚೆಂದು ಮೊದಲೇ ಗೊತ್ತಿದ್ದರೆ ಮಿಲಿಸೆಕೆಂಡುಗಳಲ್ಲಿ ಓದುವ ವಿಂಡೋಡ್ ಸ್ಥಿತಿಯನ್ನೇ ಕೇಳಿಕೊಳ್ಳುವುದು. ಅದು ಸೆಕೆಂಡಿಗೆ 100 ಎಣಿಕೆಯವರೆಗೂ ತಡೆದುಕೊಳ್ಳುತ್ತದೆ.

ಗಾಮಾ ಕಿರಣಕ್ಕೆ 2008ರ ಜೂನ್ 11ರಂದು ಹಾರಿದ ಫರ್ಮಿ. ಅದರ ದೊಡ್ಡ ದೂರದರ್ಶಕ ಯಾವುದೇ ಹೊತ್ತಿನಲ್ಲಿ ಆಕಾಶದ ಐದನೇ ಒಂದು ಭಾಗವನ್ನು ನೋಡುತ್ತಿರುತ್ತದೆ, ಎರಡು ಸುತ್ತು ಅಂದರೆ ಸುಮಾರು ಮೂರು ಗಂಟೆಗಳಲ್ಲಿ ಇಡೀ ಆಕಾಶವನ್ನು ಕಂಡುಬಿಡುವಂತೆ ಅದನ್ನು ರೂಪಿಸಲಾಯಿತು. ಯಾರೂ ಕೇಳದಿದ್ದರೂ ನೋಡುತ್ತಿರುತ್ತದೆ ಎಂಬುದೇ ಅದರ ದೊಡ್ಡ ಗುಣ. ದತ್ತಾಂಶವೂ ಎಲ್ಲರಿಗೂ ಮುಕ್ತ. ಆದರೆ ಫೋಟಾನ್‌ಗಳು ಬಹಳ ವಿರಳ. ಸಾಧಾರಣ ಹೊಳಪಿನ ಬ್ಲೇಜಾರ್‌ನಿಂದ ದಿನಕ್ಕೆ ಬೆರಳೆಣಿಕೆಯಷ್ಟು ಬಂದರೆ ಹೆಚ್ಚು. 100 ಮೆಗಾ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಅದರ ದೃಷ್ಟಿ ಸುಮಾರು 5 ಡಿಗ್ರಿಯಷ್ಟು ಮಸುಕು, ಅಂದರೆ ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು. ಹಾಗಾಗಿ ಗುರಿಯ ಸುತ್ತಲಿನ 10ರಿಂದ 15 ಡಿಗ್ರಿಯೊಳಗಿನ ಎಲ್ಲ ಮೂಲಗಳನ್ನೂ, ಆಕಾಶಗಂಗೆಯ ಹಿನ್ನೆಲೆ ಮಿನುಗನ್ನೂ ಒಂದೇ ಮಾದರಿಯಲ್ಲಿ ಸೇರಿಸಿ, ಯಾವ ಹಂಚಿಕೆ ದತ್ತಾಂಶಕ್ಕೆ ಅತಿ ಹೆಚ್ಚು ಒಪ್ಪುತ್ತದೆ ಎಂದು ಲೆಕ್ಕಹಾಕಬೇಕು. ಪಕ್ಕದ ಬ್ಲೇಜಾರ್ ಭುಗಿಲೆದ್ದಿದ್ದರೆ, ಅದರ ಹೊಳಪನ್ನು ಹಳೆಯ ಸರಾಸರಿಗೆ ಕಟ್ಟಿಹಾಕಿದ್ದರೆ, ಅದರ ಫೋಟಾನ್‌ಗಳು ನಮ್ಮ ಗುರಿಯ ಖಾತೆಗೆ ಜಮೆಯಾಗುತ್ತವೆ. ಸೂರ್ಯ, ಚಂದ್ರರೂ ಗಾಮಾ ಕಿರಣ ಸೂಸುತ್ತಾರೆ. 3ಸಿ 279ರ ಮುಂದೆಯೇ ಪ್ರತಿ ವರ್ಷ ಅಕ್ಟೋಬರ್ 8ರ ಹೊತ್ತಿಗೆ ಸೂರ್ಯ ಹಾದುಹೋಗುತ್ತಾನೆ. ಆ ದಿನಗಳ ದತ್ತಾಂಶವನ್ನು ಬಿಡದಿದ್ದರೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಹುಸಿ ಉಬ್ಬೊಂದು ಕಾಣಿಸಿಕೊಳ್ಳಬಹುದು.

ಇನ್ನೂ ಮೇಲಿನ ಶಕ್ತಿಗೆ, ಅಂದರೆ 100 ಗಿಗಾ ಎಲೆಕ್ಟ್ರಾನ್‌ವೋಲ್ಟ್ ದಾಟಿದ ಮೇಲೆ, ವಾಯುಮಂಡಲವೇ ಉಪಕರಣ. ಗಾಮಾ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಕಣಗಳ ಮಳೆಯಿಂದ ಕೆಲವೇ ನ್ಯಾನೊಸೆಕೆಂಡ್ ಬಾಳುವ ನೀಲಿ ಚೆರೆಂಕೋವ್ ಮಿಂಚು ಹೊರಡುತ್ತದೆ. ನಮೀಬಿಯಾದ ಹೆಸ್, ಲಾ ಪಾಲ್ಮಾದ ಮ್ಯಾಜಿಕ್, ಅರಿಜೋನಾದ ವೆರಿಟಾಸ್, ಲಡಾಖಿನ ಹಾನ್ಲೆಯಲ್ಲಿರುವ 21 ಮೀಟರಿನ ಮೇಸ್ ಈ ಮಿಂಚನ್ನು ಹಿಡಿಯುತ್ತವೆ. ಇವಕ್ಕೆ ಕತ್ತಲೆ ಬೇಕು, ತಿಳಿಯಾದ ಆಕಾಶ ಬೇಕು. ಹುಣ್ಣಿಮೆಯ ಸುತ್ತ ಭುಗಿಲೆದ್ದರೆ ಬಹುಪಾಲು ಕೈತಪ್ಪಿದಂತೆಯೇ. ದೂರದ ಬ್ಲೇಜಾರ್‌ಗಳಲ್ಲಿ ಇನ್ನೊಂದು ಅಡ್ಡಿ: ಬ್ರಹ್ಮಾಂಡದಲ್ಲಿ ತುಂಬಿರುವ ಅವಕೆಂಪು ಬೆಳಕಿಗೆ ಬಡಿದು ಈ ಫೋಟಾನ್‌ಗಳು ದಾರಿಯಲ್ಲೇ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ ಕಳೆದುಹೋಗುತ್ತವೆ.

ರೇಡಿಯೊದ ತಡವಾದ ಮಾತು

ರೇಡಿಯೊ ನಿಧಾನಿ. ಗಾಮಾ ಭುಗಿಲಿನ ವಾರಗಳ ಅಥವಾ ತಿಂಗಳುಗಳ ಬಳಿಕ ರೇಡಿಯೊ ಏರುವುದು ಸಾಮಾನ್ಯ. ಜೆಟ್‌ನ ಒಳಭಾಗ ದಟ್ಟವಾಗಿದ್ದು, ತನ್ನದೇ ರೇಡಿಯೊ ತರಂಗಗಳನ್ನು ತಾನೇ ಹೀರಿಕೊಳ್ಳುತ್ತದೆ. ಹೊಳೆಯುವ ತುಣುಕು ಹೊರಕ್ಕೆ ಸಾಗಿ, ಹಿಗ್ಗಿ, ತೆಳುವಾದ ಮೇಲಷ್ಟೇ ಅದು ಕಾಣುತ್ತದೆ. ಮೊದಲು 230 ಗಿಗಾಹರ್ಟ್ಜ್‌ನಲ್ಲಿ, ಆಮೇಲೆ 37, ಆಮೇಲೆ 15, ಹೀಗೆ ಇಳಿಮುಖವಾಗಿ. ಈ ತಡದ ಲೆಕ್ಕದಿಂದಲೇ ಗಾಮಾ ಬೆಳಕು ಕಪ್ಪುಕುಳಿಯಿಂದ ಎಷ್ಟು ದೂರದಲ್ಲಿ ಹುಟ್ಟಿತು ಎಂದು ಅಂದಾಜು ಮಾಡುತ್ತಾರೆ. ಓವೆನ್ಸ್ ವ್ಯಾಲಿಯ 40 ಮೀಟರ್ ದೂರದರ್ಶಕ ಸಾವಿರಕ್ಕೂ ಹೆಚ್ಚು ಬ್ಲೇಜಾರ್‌ಗಳನ್ನು 15 ಗಿಗಾಹರ್ಟ್ಜ್‌ನಲ್ಲಿ ವಾರಕ್ಕೆ ಸುಮಾರು ಎರಡು ಬಾರಿ ನೋಡುತ್ತಾ ಬಂದಿರುವುದು ಇಂಥ ಲೆಕ್ಕಗಳಿಗೆ ಆಧಾರ. ಖಂಡದುದ್ದಕ್ಕೂ ಹರಡಿದ ರೇಡಿಯೊ ತಟ್ಟೆಗಳ ಜಾಲವಾದ ವಿಎಲ್‌ಬಿಎ 43 ಗಿಗಾಹರ್ಟ್ಜ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಭುಗಿಲಿನ ಆಸುಪಾಸಿನಲ್ಲಿ ಹೊಸ ಗಂಟೊಂದು ಜೆಟ್‌ನ ಬುಡದಿಂದ ಹೊರಡುವುದನ್ನೇ ಕಣ್ಣಾರೆ ಕಾಣಬಹುದು.

ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣವನ್ನು, ಹಲವರು ಕೊನೆಯ ಸಾಲಿಗೆ ತಳ್ಳುತ್ತಾರೆ, ಅದು ಸರಿಯಲ್ಲ. ಕಾಂತಕ್ಷೇತ್ರ ಎತ್ತ ಮುಖ ಮಾಡಿದೆ, ಎಷ್ಟು ಒಪ್ಪವಾಗಿದೆ ಎಂದು ಹೇಳಬಲ್ಲದ್ದು ಅದೊಂದೇ. 2009ರಲ್ಲಿ 3ಸಿ 279ರ ಗಾಮಾ ಭುಗಿಲಿನ ಜತೆಯಲ್ಲೇ ಗೋಚರ ಬೆಳಕಿನ ಧ್ರುವೀಕರಣದ ಕೋನ ದೊಡ್ಡದಾಗಿ ತಿರುಗಿದ್ದು ಎರಡೂ ಬೆಳಕು ಒಂದೇ ಜಾಗದವು ಎನ್ನಲು ಬಲವಾದ ಸಾಕ್ಷ್ಯವಾಯಿತು. ಆದರೆ ಈ ಕೋನಕ್ಕೆ 10 ಡಿಗ್ರಿಗೂ 190 ಡಿಗ್ರಿಗೂ ವ್ಯತ್ಯಾಸ ಗೊತ್ತಿಲ್ಲ. ಎರಡು ಅಳತೆಗಳ ನಡುವೆ ಕೋನ 90 ಡಿಗ್ರಿಗಿಂತ ಹೆಚ್ಚು ತಿರುಗಿದ್ದರೆ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ತಿಳಿಯದು. ವೇಗವಾಗಿ ತಿರುಗುವಾಗ ದಿನಕ್ಕೊಂದು ಅಳತೆಯೂ ಸಾಲದೆ ಹೋಗಬಹುದು. 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹ ಈ ಅಳತೆಯನ್ನು ಕ್ಷ-ಕಿರಣಕ್ಕೂ ತಂದಿತು. ಮಾರ್ಕೇರಿಯನ್ 501ರಲ್ಲಿ ಕ್ಷ-ಕಿರಣದ ಧ್ರುವೀಕರಣ ಸುಮಾರು 10%, ಗೋಚರ ಬೆಳಕಿನದಕ್ಕಿಂತ ಇಮ್ಮಡಿ. ಎಲೆಕ್ಟ್ರಾನ್‌ಗಳು ಆಘಾತ ಅಲೆಯಲ್ಲಿ ವೇಗ ಪಡೆದು, ಅಲ್ಲಿಂದ ದೂರ ಸಾಗುತ್ತಾ ತಣಿಯುತ್ತವೆ ಎಂಬ ಚಿತ್ರಕ್ಕೆ ಇದು ಹೊಂದುತ್ತದೆ. ಹೆಚ್ಚು ಶಕ್ತಿಯವು ಬೇಗ ತಣಿಯುವುದರಿಂದ ಕ್ಷ-ಕಿರಣ ಅಲೆಯ ಮಗ್ಗುಲಲ್ಲೇ, ಕಾಂತಕ್ಷೇತ್ರ ಒಪ್ಪವಾಗಿರುವ ಕಡೆಯೇ, ಹುಟ್ಟುತ್ತದೆ.

‘ಒಂದೇ ಸಮಯ’ ಎಂದರೆ ಎಷ್ಟು?

ಸ್ವಿಫ್ಟ್ ಒಂದು ಗುರಿಯನ್ನು ಸಾಮಾನ್ಯವಾಗಿ ಒಂದೆರಡು ಸಾವಿರ ಸೆಕೆಂಡು ನೋಡುತ್ತದೆ. ಫರ್ಮಿಗೆ ಸಾಕಷ್ಟು ಫೋಟಾನ್ ಸಿಗಲು ಒಂದು ದಿನವೋ ಒಂದು ವಾರವೋ ಬೇಕು. ಗೋಚರ ಬೆಳಕಿನ ಚಿತ್ರ ಎರಡು ನಿಮಿಷದ್ದು. ಈ ಮೂರನ್ನೂ ಒಂದೇ ರೋಹಿತದಲ್ಲಿ ಚುಕ್ಕೆಗಳಾಗಿ ಇಟ್ಟು ‘ಏಕಕಾಲಿಕ’ ಎಂದು ಬರೆದರೆ, ಗಂಟೆಗೊಮ್ಮೆ ಬದಲಾಗುವ ಮೂಲದ ಮಟ್ಟಿಗೆ ಅದು ನಿಜವಲ್ಲ. ಒಂದು ವಾರದ ಗಾಮಾ ಸರಾಸರಿಯ ಪಕ್ಕದಲ್ಲಿ ಅರ್ಧ ಗಂಟೆಯ ಕ್ಷ-ಕಿರಣವನ್ನು ಇಟ್ಟು ಎರಡು ಗುಡ್ಡಗಳ ಎತ್ತರ ಹೋಲಿಸಿದರೆ, ಕಾಂತಕ್ಷೇತ್ರದ ಅಂದಾಜು ಹಲವು ಪಟ್ಟು ತಪ್ಪಬಹುದು. ಪ್ರತಿ ಚುಕ್ಕೆಯ ಜತೆಗೆ ಅದು ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಎಂಬುದನ್ನೂ ಕೊಡುವುದು, ಅತಿ ನಿಧಾನದ ಉಪಕರಣದ ಅವಧಿಯೊಳಗೆ ವೇಗದ ಉಪಕರಣಗಳಿಂದ ಹಲವು ಬಾರಿ ಅಳೆದು ಏರಿಳಿತವನ್ನೂ ತೋರಿಸುವುದು ಪ್ರಾಮಾಣಿಕ ದಾರಿ.

ಎರಡು ಕಾಂತಿರೇಖೆಗಳಲ್ಲಿ ಯಾವುದು ಮುಂದು, ಯಾವುದು ಹಿಂದು ಎಂದು ನೋಡುವಾಗ ಇನ್ನೂ ಎಚ್ಚರ ಬೇಕು. ಬ್ಲೇಜಾರ್‌ಗಳ ಏರಿಳಿತದಲ್ಲಿ ನಿಧಾನದ ಅಲೆಗಳೇ ದೊಡ್ಡವು, ವೇಗದವು ಚಿಕ್ಕವು. ಇಂಥ ಎರಡು ರೇಖೆಗಳಿಗೆ ಪರಸ್ಪರ ಯಾವ ಸಂಬಂಧ ಇಲ್ಲದಿದ್ದರೂ, ಒಂದನ್ನು ಹಿಂದೆ ಮುಂದೆ ಜರುಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಚೆನ್ನಾಗಿಯೇ ಕೂತುಬಿಡುತ್ತವೆ. ‘40 ದಿನಗಳ ಅಂತರ, ಹೊಂದಾಣಿಕೆ 0.7’ ಎಂಬಂಥ ಫಲಿತಾಂಶಕ್ಕೆ (ಪೂರ್ತಿ ಹೊಂದಿದರೆ 1) ಅಷ್ಟರಿಂದಲೇ ಬೆಲೆ ಕಟ್ಟಲಾಗದು. ಅದೇ ಸ್ವಭಾವದ, ಆದರೆ ಸಂಬಂಧವಿಲ್ಲದ ಸಾವಿರಾರು ಕೃತಕ ರೇಖೆಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ನಿಜವಾದ ವೀಕ್ಷಣೆಯಲ್ಲಿರುವ ಕಂಡಿಗಳನ್ನೇ ಅವುಗಳಲ್ಲೂ ಕೊರೆದು, ಅವುಗಳಲ್ಲಿ ಎಷ್ಟಕ್ಕೆ 0.7 ಸಿಗುತ್ತದೆ ಎಂದು ಎಣಿಸಬೇಕು. ಕಂಡಿಗಳು ಇದ್ದೇ ಇರುತ್ತವೆ. ನೆಲದಿಂದ ನೋಡಿದರೆ ಹಗಲು, ಮಳೆಗಾಲ, ವರ್ಷಕ್ಕೆ ಕೆಲವು ತಿಂಗಳು ಗುರಿ ಸೂರ್ಯನ ಬಳಿ ಸರಿಯುವುದು. ಸ್ವಿಫ್ಟ್ ಕೂಡ ಸೂರ್ಯನಿಗೆ ಸುಮಾರು 46 ಡಿಗ್ರಿಗಿಂತ ಹತ್ತಿರ ತಿರುಗುವುದಿಲ್ಲ.

ಇಷ್ಟೆಲ್ಲವನ್ನೂ ಭುಗಿಲೆದ್ದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ಅಭಿಯಾನ ನಡೆಸುವವರು ಕಟ್ಟುಪಾಡನ್ನು ಮೊದಲೇ ಬರೆದಿಡುತ್ತಾರೆ: ಗಾಮಾ ಹೊಳಪು ದೀರ್ಘಕಾಲದ ಸರಾಸರಿಯ ಇಂತಿಷ್ಟು ಪಟ್ಟು ದಾಟಿ ಎರಡು ದಿನ ನಿಂತರೆ ಸ್ವಿಫ್ಟ್‌ಗೆ ತುರ್ತು ಕೋರಿಕೆ, ಕ್ಷ-ಕಿರಣವೂ ಏರಿದ್ದರೆ ಚೆರೆಂಕೋವ್ ದೂರದರ್ಶಕಗಳಿಗೆ ಕರೆ, ರೇಡಿಯೊ ಜಾಲಕ್ಕೆ ಮುಂದಿನ ಆರು ತಿಂಗಳ ಬೆನ್ನುಹತ್ತುವ ಕೆಲಸ. ಗುರಿ ಆ ವಾರ ಎಲ್ಲೆಲ್ಲಿಂದ ಎಷ್ಟು ಹೊತ್ತು ಕಾಣುತ್ತದೆ, ಚಂದ್ರ ಎಲ್ಲಿದ್ದಾನೆ ಎಂಬ ಪಟ್ಟಿಯೂ ಕೈಯಲ್ಲಿರಬೇಕು. ಹೊಸ್ತಿಲನ್ನು ತೀರಾ ಕೆಳಗಿಟ್ಟರೆ ಸಣ್ಣಪುಟ್ಟ ಏರಿಕೆಗೆ ಕೋರಿಕೆಯ ಸಮಯ ಖರ್ಚಾಗುತ್ತದೆ. ತೀರಾ ಮೇಲಿಟ್ಟರೆ ಏರುವ ಮಗ್ಗುಲು ಕೈತಪ್ಪಿ, ಇಳಿಯುವ ಮಗ್ಗುಲು ಮಾತ್ರ ಸಿಗುತ್ತದೆ. ಕಣಗಳು ವೇಗ ಪಡೆದ ಬಗೆ ಬರೆದಿರುವುದು ಏರುವ ಮಗ್ಗುಲಿನಲ್ಲೇ. ಹಾಗಾಗಿ ಹೊಸ್ತಿಲನ್ನು ಸ್ವಲ್ಪ ಕೆಳಗಿಟ್ಟು ಕೆಲವು ಹುಸಿ ಕರೆಗಳ ನಷ್ಟ ಹೊರುವುದೇ ಮೇಲು.

ಒಂದು ಬೆಳಕಿನಲ್ಲಿ ಭುಗಿಲು, ಇನ್ನೊಂದರಲ್ಲಿ ಮೌನ, ಹೀಗೂ ಆಗುತ್ತದೆ. 2002ರಲ್ಲಿ 1ಇಎಸ್ 1959+650 ಅತಿ ಹೆಚ್ಚಿನ ಶಕ್ತಿಯ ಗಾಮಾದಲ್ಲಿ ಭುಗಿಲೆದ್ದಾಗ ಕ್ಷ-ಕಿರಣದಲ್ಲಿ ಅದಕ್ಕೆ ಜೋಡಿ ಇರಲಿಲ್ಲ. ಇಂಥವನ್ನು ಅನಾಥ ಭುಗಿಲುಗಳು ಎನ್ನುತ್ತಾರೆ. ಒಂದೇ ತುಣುಕಿನ ಎಲೆಕ್ಟ್ರಾನ್‌ಗಳಿಂದ ಎಲ್ಲ ಬೆಳಕೂ ಹುಟ್ಟುತ್ತದೆ ಎಂಬ ಸರಳ ಮಾದರಿಗೆ ಇವು ನುಂಗಲಾರದ ತುತ್ತು. ಕ್ಷ-ಕಿರಣ ಏರಲಿಲ್ಲ ಎಂದು ಹೇಳಬೇಕಾದರೂ ಆ ಹೊತ್ತಿನಲ್ಲಿ ಯಾರೋ ಕ್ಷ-ಕಿರಣದಲ್ಲಿ ನೋಡುತ್ತಿರಬೇಕಲ್ಲ. ಭುಗಿಲಿಲ್ಲದ ದಿನಗಳ ಬೇಸರದ ದತ್ತಾಂಶಕ್ಕೆ ಬೆಲೆ ಬರುವುದು ಇಲ್ಲೇ.

2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಮಂಜಿನೊಳಗಿರುವ ಐಸ್‌ಕ್ಯೂಬ್ ಪತ್ತೆಯಂತ್ರ ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಿನೊ (ಯಾವುದಕ್ಕೂ ಸುಲಭವಾಗಿ ತಡೆಯಾಗದೆ ಸಾಗುವ ಕಣ) ಒಂದರ ಸುಳಿವು ಹಿಡಿದು, 43 ಸೆಕೆಂಡುಗಳಲ್ಲಿ ಜಗತ್ತಿಗೆಲ್ಲ ಸಾರಿತು. ಅದು ಬಂದ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಗಾಮಾದಲ್ಲಿ ಭುಗಿಲೆದ್ದಿರುವುದನ್ನು ಫರ್ಮಿ ತಂಡ ಗುರುತಿಸಿತು, ಮ್ಯಾಜಿಕ್ ಅದನ್ನು ಇನ್ನೂ ಮೇಲಿನ ಶಕ್ತಿಯಲ್ಲೂ ಕಂಡಿತು. ಆಮೇಲೆ ಐಸ್‌ಕ್ಯೂಬ್‌ನವರು ಅದೇ ದಿಕ್ಕಿನ ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ 2014ರ ಕೊನೆಯಿಂದ 2015ರ ಆರಂಭದವರೆಗೆ ಸುಮಾರು 13 ನ್ಯೂಟ್ರಿನೊಗಳು ಹಿನ್ನೆಲೆಗಿಂತ ಹೆಚ್ಚಾಗಿ ಬಂದದ್ದು ಕಂಡಿತು. ಆ ತಿಂಗಳುಗಳ ಫರ್ಮಿ ಕಾಂತಿರೇಖೆಯೂ ಲಭ್ಯವಿತ್ತು. ಯಾರೂ ಕೇಳದಿದ್ದಾಗಲೂ ಅದು ಮೂರು ಗಂಟೆಗೊಮ್ಮೆ ಆ ಕಡೆ ನೋಡುತ್ತಲೇ ಇತ್ತು. ಆ ರೇಖೆಯಲ್ಲಿ ಭುಗಿಲು ಇಲ್ಲ.